ಸೋವಿಯತ್ ಅವಾಂಟ್‌ಗಾರ್ಡ್ ಕಟ್ಟಡಗಳು: ನೋಡಹೊರಟವರೂ ಉಳಿಸಬೇಕೆನ್ನುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಸ್ಕೋಗೆ ಹೋಗಿ ಬಂದವರು ತೋರಿಸುವ ಫೋಟೊಗಳಲ್ಲಿ ಕೆಂಪು ಚೌಕ ಇರುತ್ತದೆ, ಬಣ್ಣಬಣ್ಣದ ಈರುಳ್ಳಿ ಗುಮ್ಮಟಗಳ ಚರ್ಚು ಇರುತ್ತದೆ, ಅರಮನೆಯಂಥ ಮೆಟ್ರೊ ನಿಲ್ದಾಣಗಳೂ ಇರುತ್ತವೆ. ಅಲ್ಲೇ ಎರಡು ಬೀದಿ ಆಚೆಗಿರುವ, ಜಗತ್ತಿನ ವಾಸ್ತುಶಿಲ್ಪದ ದಿಕ್ಕನ್ನೇ ತಿರುಗಿಸಿದ 1920ರ ದಶಕದ ಕಟ್ಟಡಗಳು ಮಾತ್ರ ಇರುವುದಿಲ್ಲ. ಆ ಕಟ್ಟಡಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳಿಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಅವಾಂಟ್‌ಗಾರ್ಡ್ ಎಂದರೇನು? ಇದು ಯಾವ ಕಾಲದ ಮಾತು?

ಪದ ಫ್ರೆಂಚಿನದು. ಸೈನ್ಯದ ಮುಂಚೂಣಿ ದಳಕ್ಕಿದ್ದ ಹೆಸರು, ಮುಂದೆ ಕಲೆಯಲ್ಲಿ ಹೊಸ ದಾರಿ ತೆರೆದವರಿಗೆ ಅಂಟಿಕೊಂಡಿತು. ನಾವಿಲ್ಲಿ ಮಾತಾಡುತ್ತಿರುವುದು 1917ರ ಕ್ರಾಂತಿಯ ನಂತರದಿಂದ 1930ರ ದಶಕದ ಆರಂಭದವರೆಗಿನ ಸೋವಿಯತ್ ಕಟ್ಟಡಗಳ ಬಗ್ಗೆ. ಅಂತರ್ಯುದ್ಧ ನಡೆದಿದ್ದ ಮೊದಲ ವರ್ಷಗಳಲ್ಲಿ ಕಟ್ಟುವುದಕ್ಕೆ ದುಡ್ಡೂ ಇರಲಿಲ್ಲ, ಸಾಮಗ್ರಿಯೂ ಇರಲಿಲ್ಲ. ಬಹುತೇಕ ಎಲ್ಲವೂ ಕಾಗದದ ಮೇಲೆಯೇ ಉಳಿಯಿತು. ವ್ಲಾದಿಮಿರ್ ತಾತ್ಲಿನ್ 1919–20ರಲ್ಲಿ ಕಲ್ಪಿಸಿದ 400 ಮೀಟರ್ ಎತ್ತರದ ತಿರುಚಿದ ಗೋಪುರ ಮರದ ಮಾದರಿಯಾಚೆಗೆ ಹೋಗಲೇ ಇಲ್ಲ. ನಿಜವಾಗಿ ಕಟ್ಟಲು ಸಿಕ್ಕಿದ್ದು ಸರಿಸುಮಾರು 1925ರಿಂದ 1932ರವರೆಗೆ. ಏಳೆಂಟು ವರ್ಷ, ಅಷ್ಟೇ.

ಸೋವಿಯತ್ ಕಟ್ಟಡ ಎಂದರೆ ಸಾಲುಸಾಲು ಬೂದು ಬಣ್ಣದ ಅಪಾರ್ಟ್‌ಮೆಂಟ್ ಪೆಟ್ಟಿಗೆಗಳಲ್ಲವೇ?

ಅವು ಬಹಳ ಈಚಿನವು, 1950ರ ದಶಕದ ಕೊನೆಯಲ್ಲಿ ಕ್ರುಶ್ಚೇವ್ ಕಾಲದಲ್ಲಿ ಶುರುವಾದವು. ಮಾಸ್ಕೋದ ನೆತ್ತಿಯಲ್ಲಿ ಕಾಣುವ ಶಿಖರದ ಮಹಾಕಟ್ಟಡಗಳು ಅದಕ್ಕೂ ಸ್ವಲ್ಪ ಹಿಂದಿನ ಸ್ಟಾಲಿನ್ ಕಾಲದವು. ನಮ್ಮ ವಿಷಯ ಇವೆರಡಕ್ಕಿಂತಲೂ ಹಳೆಯದು. ಹಳೆಯದಾಗಿದ್ದರೂ ನೋಡಲು ಹೊಸದಾಗಿರುವುದರಿಂದಲೇ ಜನ ಗೊಂದಲಕ್ಕೆ ಬೀಳುತ್ತಾರೆ.

ಕನ್‌ಸ್ಟ್ರಕ್ಟಿವಿಸಂ ಎಂದರೂ ಇದೇನಾ?

ಅದು ಈ ಮರದ ದೊಡ್ಡ ಕೊಂಬೆ. 1925ರಲ್ಲಿ ಮೋಯ್ಸೆ ಗಿಂಜ್‌ಬುರ್ಗ್ ಮತ್ತು ವೆಸ್ನಿನ್ ಸಹೋದರರ ಸುತ್ತ ಸೇರಿದ ಗುಂಪು ಕಟ್ಟಡದ ಉಪಯೋಗ ಮತ್ತು ರಚನೆಯಿಂದ ರೂಪ ಹುಟ್ಟಬೇಕು ಎನ್ನುತ್ತಿತ್ತು. ಅದಕ್ಕೂ ಮೊದಲು, 1923ರಲ್ಲಿ ನಿಕೊಲಾಯ್ ಲಾದೊವ್‌ಸ್ಕಿ ಕಟ್ಟಿದ ಗುಂಪು ಮನುಷ್ಯನ ಕಣ್ಣು, ಮನಸ್ಸು ಜಾಗವನ್ನು ಹೇಗೆ ಗ್ರಹಿಸುತ್ತವೆ ಎಂಬುದರಿಂದ ಆರಂಭಿಸುತ್ತಿತ್ತು. ಎರಡೂ ಕಡೆಯವರು ಮಾಸ್ಕೋದ ವ್ಖುತೆಮಾಸ್ ಎಂಬ ಕಲಾಶಾಲೆಯಲ್ಲಿ ಪಾಠ ಹೇಳಿದರು, ಪರಸ್ಪರ ಜಗಳವಾಡಿದರು. ಕೊನ್‌ಸ್ತಾಂತಿನ್ ಮೆಲ್ನಿಕೋವ್ ಅಂಥವರು ಯಾವ ಗುಂಪಿಗೂ ಪೂರ್ತಿ ಸೇರಲಿಲ್ಲ. ಕಟ್ಟಡ ನೋಡಲು ಹೊರಟವರಿಗೆ ಈ ಒಳಜಗಳದ ವಿವರ ಅಷ್ಟಾಗಿ ಬೇಕಿಲ್ಲ.

ಇಷ್ಟು ಬೇಗ ನಿಂತುಹೋದದ್ದು ಯಾಕೆ?

1932ರ ಏಪ್ರಿಲ್‌ನಲ್ಲಿ ಪಕ್ಷದ ಕೇಂದ್ರ ಸಮಿತಿಯ ಒಂದು ನಿರ್ಣಯ ಸಾಹಿತ್ಯ, ಕಲೆಯ ಸ್ವತಂತ್ರ ಗುಂಪುಗಳನ್ನೆಲ್ಲ ಮುಚ್ಚಿತು. ವಾಸ್ತುಶಿಲ್ಪಿಗಳೆಲ್ಲ ಒಂದೇ ಸರ್ಕಾರಿ ಒಕ್ಕೂಟದೊಳಗೆ ಬರಬೇಕಾಯಿತು. ಅದೇ ಹೊತ್ತಿಗೆ ಮಾಸ್ಕೋದಲ್ಲಿ ಕಟ್ಟಬೇಕೆಂದಿದ್ದ ‘ಸೋವಿಯತ್ ಅರಮನೆ’ ಎಂಬ ಸರ್ಕಾರಿ ಮಹಾಭವನದ ವಿನ್ಯಾಸಕ್ಕೆ ನಡೆದ ಸ್ಪರ್ಧೆಯಲ್ಲಿ ಬೊರಿಸ್ ಇಯೊಫಾನ್ ಅವರ ಮೆಟ್ಟಿಲು ಮೆಟ್ಟಿಲಾಗಿ ಏರುವ ಭವ್ಯ ಗೋಪುರ ಗೆದ್ದಿತು. ಆ ಅರಮನೆಯನ್ನು ಕೊನೆಗೂ ಕಟ್ಟಲಿಲ್ಲ, ಆದರೆ ದೊರೆಗಳಿಗೆ ಏನು ಇಷ್ಟ ಎಂಬುದು ಎಲ್ಲರಿಗೂ ಅರ್ಥವಾಯಿತು. ಕಂಬ, ಶಿಲ್ಪ, ಅಲಂಕಾರ ಮರಳಿ ಬಂದವು. ಮೆಲ್ನಿಕೋವ್‌ಗೆ 1937ರ ನಂತರ ಕಟ್ಟಡ ಕಟ್ಟುವ ಅವಕಾಶ ತಪ್ಪಿತು. ಗಿಂಜ್‌ಬುರ್ಗ್ ಜೊತೆಗಿದ್ದ ಸಮಾಜಶಾಸ್ತ್ರಜ್ಞ ಮಿಖಾಯಿಲ್ ಒಖಿತೊವಿಚ್ ಅವರನ್ನು 1935ರಲ್ಲಿ ಬಂಧಿಸಿ 1937ರಲ್ಲಿ ಕೊಂದರು. ‘ಶೈಲಿ ಬದಲಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಬರಹಗಳನ್ನು ಓದಿದಾಗ ನನಗೆ ಕಸಿವಿಸಿಯಾಗುತ್ತದೆ.

ಎಲ್ಲರೂ ನಾರ್ಕೊಮ್‌ಫಿನ್ ನಾರ್ಕೊಮ್‌ಫಿನ್ ಎನ್ನುತ್ತಾರೆ. ಅದರಲ್ಲಿ ಅಂಥದ್ದೇನಿದೆ?

ಒಂದು ಕಟ್ಟಡದಿಂದ ಈ ಇಡೀ ಕಾಲವನ್ನು ಅರಿಯಬೇಕೆಂದರೆ ನಾನು ಇದನ್ನೇ ಆರಿಸುತ್ತೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮಾಸ್ಕೋದ ನೋವಿನ್‌ಸ್ಕಿ ಬುಲ್ವಾರ್‌ನಲ್ಲಿ 1928ರಿಂದ 1930ರವರೆಗೆ ಹಣಕಾಸು ಇಲಾಖೆಯ ನೌಕರರಿಗಾಗಿ ಕಟ್ಟಿದ ವಸತಿ ಇದು. ಗಿಂಜ್‌ಬುರ್ಗ್ ಮತ್ತು ಇಗ್ನಾತಿ ಮಿಲಿನಿಸ್ ವಾಸ್ತುಶಿಲ್ಪಿಗಳು, ಸೆರ್ಗೇ ಪ್ರೊಖೊರೊವ್ ಎಂಜಿನಿಯರ್. ನೆಲದಿಂದ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಉದ್ದನೆಯ ಬ್ಲಾಕು. ಕೆಳಗಿನಿಂದ ತೋಟ ಹಾದುಹೋಗಬೇಕು, ಮೇಲೆ ತಾರಸಿಯಲ್ಲಿ ಜನ ಬಿಸಿಲಿಗೆ ಕೂರಬೇಕು. ಅಷ್ಟು ಮಹಡಿಗಳಿಗೆ ಓಣಿಗಳು ಎರಡೇ. ಓಣಿಯಿಂದ ಒಂದು ಬಾಗಿಲು ಮೇಲಿನ ಮನೆಗೆ, ಪಕ್ಕದ್ದು ಕೆಳಗಿನ ಮನೆಗೆ, ಮನೆಯೊಳಗೇ ಮೆಟ್ಟಿಲು. ಹಾಗಾಗಿ ಪ್ರತಿ ಮನೆಗೂ ಎರಡು ಬದಿಯಿಂದ ಗಾಳಿ, ಬೆಳಕು. ಮಲಗುವ ಕೋಣೆ ಪೂರ್ವಕ್ಕೆ, ಕೂರುವ ಕೋಣೆ ಪಶ್ಚಿಮಕ್ಕೆ. ಬೆಳಗಿನ ಬಿಸಿಲಿಗೆ ಎಚ್ಚರ, ಕೆಲಸ ಮುಗಿಸಿ ಬಂದಾಗ ಸಂಜೆಯ ಬಿಸಿಲು. ಕೂರುವ ಕೋಣೆಯ ಚಾವಣಿ ಎತ್ತರ, ಮಲಗುವ ಕಡೆ ತಗ್ಗು. ಜಾಗ ಸಣ್ಣದಾದರೂ ಮನಸ್ಸಿಗೆ ಇಕ್ಕಟ್ಟೆನಿಸಬಾರದು ಎಂಬ ಲೆಕ್ಕ ಅದು.

ಸಣ್ಣ ಮನೆಗಳಲ್ಲಿ ಪೂರ್ಣ ಅಡುಗೆಮನೆ ಇರಲಿಲ್ಲ, ಗೋಡೆಗೆ ಒತ್ತಿದ ಒಂದು ಮೂಲೆ ಮಾತ್ರ. ಊಟಕ್ಕೆ ಪಕ್ಕದ ಗಾಜಿನ ಬ್ಲಾಕಿನಲ್ಲಿ ಸಾಮೂಹಿಕ ಊಟದ ಮನೆ, ಜೊತೆಗೆ ವ್ಯಾಯಾಮಶಾಲೆ. ಹೆಂಗಸು ಒಲೆಯ ಮುಂದೆ ಬದುಕು ಸವೆಸಬಾರದು ಎಂಬ ಆಸೆ ಅದರ ಹಿಂದಿತ್ತು. ಆದರೆ ಗಿಂಜ್‌ಬುರ್ಗ್ ಯಾರನ್ನೂ ಒಂದೇ ದಿನದಲ್ಲಿ ದಬ್ಬಲಿಲ್ಲ. ದೊಡ್ಡ ಕುಟುಂಬಗಳ ಮನೆಗಳಲ್ಲಿ ಅಡುಗೆಮನೆ ಇಟ್ಟರು. ಹಳೆಯ ಬದುಕಿನಿಂದ ಹೊಸದಕ್ಕೆ ಜನ ತಾವಾಗಿ ದಾಟಲಿ ಎಂದು ಇದನ್ನು ‘ಪರಿವರ್ತನೆಯ ಮಾದರಿ’ ಎಂದು ಕರೆದರು. ಈ ಸಂಯಮ ನನಗೆ ತುಂಬ ಹಿಡಿಸುತ್ತದೆ.

ತುದಿಯಲ್ಲೊಂದು ತಾರಸಿ ಮನೆ ಇದೆ, ಹಣಕಾಸು ಕಮಿಸಾರ್ (ಅಂದರೆ ಸಚಿವ) ಆಗಿದ್ದ ನಿಕೊಲಾಯ್ ಮಿಲ್ಯೂತಿನ್ ಅವರದು. ಅದು ಮೂಲತಃ ಗಾಳಿಯಾಡಿಸುವ ಯಂತ್ರಗಳಿಗೆ ಮೀಸಲಿಟ್ಟ ಕೋಣೆ. ಯಂತ್ರ ಕೊಳ್ಳಲು ಹಣವಿರಲಿಲ್ಲ, ಅವರು ಅದನ್ನೇ ಮನೆ ಮಾಡಿಕೊಂಡರು. ಫ್ರಾನ್ಸಿನ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇ ಆ ವರ್ಷಗಳಲ್ಲಿ ತಮ್ಮ ತ್ಸೆಂತ್ರೊಸೊಯುಜ್ ಕಟ್ಟಡದ ಕೆಲಸಕ್ಕಾಗಿ ಮಾಸ್ಕೋಗೆ ಬರುತ್ತಿದ್ದರು. ಯುದ್ಧದ ನಂತರ ಮಾರ್ಸೇಲ್ಸ್‌ನಲ್ಲಿ ಅವರು ಕಟ್ಟಿದ ದೊಡ್ಡ ವಸತಿ ಸಮುಚ್ಚಯದ ಒಳಓಣಿಗಳನ್ನೂ ಎರಡು ಮಟ್ಟದ ಮನೆಗಳನ್ನೂ ನೋಡಿದವರಿಗೆ ನಾರ್ಕೊಮ್‌ಫಿನ್ ನೆನಪಾಗದೆ ಇರದು.

ಇಷ್ಟೊಳ್ಳೆಯ ಕಟ್ಟಡಗಳು ನೂರು ವರ್ಷದೊಳಗೇ ಪಾಳುಬಿದ್ದದ್ದು ಯಾಕೆ? ಕಳಪೆ ಕಾಮಗಾರಿಯೇ?

‘ಕಳಪೆ’ ಎಂಬ ಮಾತನ್ನೇ ಹಿಡಿದು ಎಷ್ಟೋ ಕಟ್ಟಡಗಳನ್ನು ಕೆಡವಿದ್ದಾರೆ, ಆದ್ದರಿಂದ ನಿಧಾನವಾಗಿ ನೋಡೋಣ.

ಬಡತನ ನಿಜ. ಸಿಮೆಂಟು, ಉಕ್ಕು ಎರಡೂ ಸಾಲುತ್ತಿರಲಿಲ್ಲ. ಹಳ್ಳಿಯಿಂದ ನಿನ್ನೆ ಬಂದವರು ಇಂದು ಗಾರೆ ಕೆಲಸಕ್ಕೆ ನಿಲ್ಲುತ್ತಿದ್ದರು. ಬಿಳಿ ನುಣುಪು ಗೋಡೆ ನೋಡಿ ನಾವು ಕಾಂಕ್ರೀಟ್ ಎಂದುಕೊಳ್ಳುತ್ತೇವೆ; ಗಿಲಾವು ಉದುರಿದ ಕಡೆ ಎಷ್ಟೋ ಸಲ ಒಳಗಿನಿಂದ ಇಟ್ಟಿಗೆ ಇಣುಕುತ್ತದೆ. ಕೊರತೆಯನ್ನು ತುಂಬಲು ಹೊಸ ಸಾಮಗ್ರಿ ಹುಡುಕಿದರು: ಚಳಿ ತಡೆಯಲು ಜೊಂಡು ಒತ್ತಿ ಮಾಡಿದ ಹಲಗೆ, ಮರದ ಹೊಟ್ಟು ಬೆರೆಸಿದ ನೆಲಹಾಸು, ಟೊಳ್ಳು ಕಾಂಕ್ರೀಟ್ ಬ್ಲಾಕು. ನಾರ್ಕೊಮ್‌ಫಿನ್‌ನಲ್ಲಿ ಪ್ರೊಖೊರೊವ್ ಆ ಬ್ಲಾಕುಗಳ ದೊಡ್ಡ ತೂತುಗಳೊಳಗೇ ಕೊಳವೆಗಳನ್ನು ಹಾಯಿಸಿದರು. ಜಾಣ ಉಪಾಯ. ಕೊಳವೆ ಸೋರಿದರೆ ಮಾತ್ರ ಗೋಡೆಯ ಹೊಟ್ಟೆಯೇ ನೆನೆಯುತ್ತದೆ.

ಅಲ್ಲಿನ ಚಳಿಗಾಲವನ್ನು ಇದಕ್ಕೆ ಸೇರಿಸಿ. ಸಣ್ಣ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ಬಿರುಕನ್ನು ಇನ್ನಷ್ಟು ಸೀಳುತ್ತದೆ, ಕರಗಿ ಮತ್ತೆ ಒಳಗಿಳಿಯುತ್ತದೆ. ಒಂದು ಚಳಿಗಾಲದಲ್ಲಿ ಇದು ಹತ್ತಾರು ಸಲ ನಡೆಯುತ್ತದೆ. ಚಪ್ಪಟೆ ತಾರಸಿಯ ಮೇಲೆ ಹಿಮ ಕೂತೇ ಇರುತ್ತದೆ. ಸೋರುವ ತಾರಸಿಯನ್ನು ಆಗಲೇ ಸರಿಮಾಡಿದರೆ ಏನೂ ಆಗದು. ಮಾಡದಿದ್ದರೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ.

ಆದ್ದರಿಂದ ನನ್ನ ಉತ್ತರ ಇದು: ಈ ಕಟ್ಟಡಗಳನ್ನು ಕೊಂದದ್ದು ಅವುಗಳ ಹುಟ್ಟುಗುಣಕ್ಕಿಂತ ಹೆಚ್ಚಾಗಿ ದಶಕಗಟ್ಟಲೆ ದುರಸ್ತಿ ಮಾಡದೆ ಬಿಟ್ಟದ್ದು. ಜನ ಬಳಸುತ್ತಲೇ ಬಂದ, ತಾರಸಿ ಸೋರಿದಾಗ ಯಾರೋ ಒಬ್ಬರು ಹತ್ತಿ ನೋಡಿದ ಕಟ್ಟಡಗಳು ಅದೇ ಬಡ ಸಾಮಗ್ರಿಯವೇ ಆದರೂ ಇಂದಿಗೂ ನಿಂತಿವೆ.

ನಾರ್ಕೊಮ್‌ಫಿನ್ ಉಳಿದದ್ದು ಹೇಗೆ? ಈಗ ಅದು ದುಡ್ಡಿದ್ದವರ ಮನೆಯಂತಲ್ಲ?

ಎರಡೂ ನಿಜ. ಕಂಬಗಳ ನಡುವೆ ಖಾಲಿ ಇದ್ದ ನೆಲಮಟ್ಟವನ್ನು ಹಿಂದೆಯೇ ಗೋಡೆ ಕಟ್ಟಿ ಕೋಣೆ ಮಾಡಿದ್ದರು. ಆಮೇಲೆ ಆರೈಕೆ ನಿಂತಿತು. ವಿಶ್ವ ಸ್ಮಾರಕ ನಿಧಿಯ ಅಪಾಯದ ಪಟ್ಟಿಯಲ್ಲಿ ಅದು 2002, 2004, 2006, ಹೀಗೆ ಮೂರು ಸಲ ಬಂತು. ಕೊನೆಗೆ 2017ರಿಂದ 2020ರವರೆಗೆ ಜೀರ್ಣೋದ್ಧಾರ ನಡೆಯಿತು. ಮುಂದೆ ನಿಂತು ಮಾಡಿಸಿದವರು ಮೂಲ ವಾಸ್ತುಶಿಲ್ಪಿಯ ಮೊಮ್ಮಗ ಅಲೆಕ್ಸೇ ಗಿಂಜ್‌ಬುರ್ಗ್. ವರ್ಷಗಟ್ಟಲೆ ಅವರು ಈ ಕಟ್ಟಡದ ಅಳತೆ, ಅಧ್ಯಯನದಲ್ಲೇ ಇದ್ದರು. ನಡುವೆ ತುಂಬಿಸಿದ್ದ ಗೋಡೆಗಳನ್ನು ತೆಗೆದು ಕಂಬಗಳನ್ನು ಬಿಡಿಸಿದರು, ಪಕ್ಕಕ್ಕೆ ಜಾರುವ ಮರದ ಕಿಟಕಿಗಳನ್ನು ಮೂಲದಂತೆ ಮಾಡಿಸಿದರು, ಪದರಪದರವಾಗಿ ಬಣ್ಣ ಕೆರೆದು ಹಳೆಯ ವರ್ಣಗಳನ್ನು ಹುಡುಕಿದರು. ಒಳಗಿನ ಬಣ್ಣ ಯೋಜಿಸಿದ್ದು ಜರ್ಮನಿಯ ಬೌಹೌಸ್ ಶಾಲೆಯ ಹಿನ್ನರ್ಕ್ ಶೆಪರ್.

ನಮ್ಮ ಕಡೆ ಜೀರ್ಣೋದ್ಧಾರ ಎಂದರೆ ಹಳೆಯ ಗುಡಿಯ ಕಲ್ಲಿಗೆ ಆಯಿಲ್ ಪೇಂಟ್ ಬಳಿದು ನೆಲಕ್ಕೆ ಹೊಳೆಯುವ ಗ್ರಾನೈಟ್ ಹಾಸುವುದು ಎಂದಾಗಿಬಿಟ್ಟಿದೆ. ಇಲ್ಲಿ ನಡೆದದ್ದು ಅದರ ತಿರುಗಮುರುಗ: ಮೇಲೆ ಸೇರಿದ್ದನ್ನು ತೆಗೆದರು, ಮೂಲದ್ದನ್ನು ಸಾಧ್ಯವಾದಷ್ಟು ಉಳಿಸಿದರು.

ಮನೆಗಳು ಖಾಸಗಿಯಾಗಿ ಮಾರಾಟವಾದವು. ಸಾಮಾನ್ಯ ನೌಕರರ ಬದುಕು ಹಗುರವಾಗಲಿ ಎಂದು ಕಟ್ಟಿದ್ದು ಈಗ ದುಬಾರಿ ವಿಳಾಸವಾಗಿರುವುದು ನನಗೆ ನೋವಿನ ವಿಷಯವೇ. ಆದರೂ ಬೇರೆ ಯಾವ ದಾರಿಯೂ ತೆರೆಯದಿದ್ದಾಗ, ಜನ ವಾಸಿಸುವ ಮನೆಯಾಗಿಯೇ ಅದು ಉಳಿಯಿತು ಎಂಬುದಕ್ಕೆ ನಾನು ಕೃತಜ್ಞ.

ಮೆಲ್ನಿಕೋವ್ ಮನೆಯ ಆ ಷಟ್ಕೋನ ಕಿಟಕಿಗಳು ಅಲಂಕಾರಕ್ಕಾ?

ಅಲ್ಲ, ಗೋಡೆ ಕಟ್ಟುವ ರೀತಿಯಿಂದಲೇ ಹುಟ್ಟಿದವು. ಅರ್ಬಾತ್ ಬೀದಿಯ ಪಕ್ಕದ ಓಣಿಯಲ್ಲಿ 1927–29ರಲ್ಲಿ ಮೆಲ್ನಿಕೋವ್ ತಮಗಾಗಿ ಕಟ್ಟಿಕೊಂಡ ಮನೆ ಅದು. ಒಂದರೊಳಗೊಂದು ಹೊಕ್ಕ ಎರಡು ಉರುಳೆಗಳು. ಇಟ್ಟಿಗೆಗಳನ್ನು ಸಾಲಿನಿಂದ ಸಾಲಿಗೆ ಸರಿಸಿ ಜಾಲರಿಯಂತೆ ಹೆಣೆದರು. ಭಾರ ಒಂದೇ ಕಂಬಕ್ಕೆ ಬೀಳದೆ ಇಡೀ ಗೋಡೆಗೆ ಹರಡಿತು. ಜಾಲರಿಯ ತೆರಪುಗಳು ತಾವಾಗಿಯೇ ಷಟ್ಕೋನವಾದವು. ಸುಮಾರು 60 ತೆರಪುಗಳಿಗೆ ಗಾಜು ಹಾಕಿ, ಉಳಿದವನ್ನು ಒಡೆದ ಇಟ್ಟಿಗೆ, ಮಣ್ಣು ತುಂಬಿ ಮುಚ್ಚಿದರು. ಮುಂದೆ ಬೇಕೆಂದರೆ ಒಂದನ್ನು ತೆರೆದು ಇನ್ನೊಂದನ್ನು ಮುಚ್ಚಬಹುದು. ಇಟ್ಟಿಗೆಯೂ ಉಳಿಯಿತು, ಕಟ್ಟಡದ ಕಸವೂ ಗೋಡೆಯೊಳಗೇ ಸೇರಿತು.

ಮಹಡಿಯ ನೆಲ ಇನ್ನೂ ಅಚ್ಚರಿ. ತೊಲೆಗಳಿಲ್ಲ. ಹಲಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಚೌಕಚೌಕವಾಗಿ ಹೆಣೆದ ಜಾಲ, ಮೇಲೂ ಕೆಳಗೂ ಹಲಗೆ ಹೊದಿಕೆ, ಅಷ್ಟೇ. ಇಂಥದ್ದನ್ನು ದುರಸ್ತಿ ಮಾಡುವುದು ತುಂಬ ನಾಜೂಕಿನ ಕೆಲಸ. ಕೊಳೆತ ಹಲಗೆ ತೆಗೆದು ಕಬ್ಬಿಣದ ತೊಲೆ ಕೊಟ್ಟರೆ ಮನೆ ಗಟ್ಟಿಯಾದೀತು, ಆದರೆ ಮೆಲ್ನಿಕೋವ್ ಅಲ್ಲಿ ಸಾಧಿಸಿದ್ದೇ ಮಾಯವಾಗುತ್ತದೆ.

ಕಸುಬು ಕೈತಪ್ಪಿದ ಮೇಲೂ ಅವರು 1974ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಮಗ, ಚಿತ್ರಕಾರ ವಿಕ್ತೊರ್, 2006ರವರೆಗೆ ಮನೆಯನ್ನು ಕಾಪಾಡಿಕೊಂಡು ಬಂದರು. 2014ರಲ್ಲಿ ಅದು ಷ್ಚೂಸೆವ್ ವಾಸ್ತುಶಿಲ್ಪ ಸಂಗ್ರಹಾಲಯದ ಭಾಗವಾಯಿತು. 2017ರಲ್ಲಿ ಗೆಟ್ಟಿ ಪ್ರತಿಷ್ಠಾನದ ನೆರವಿನಿಂದ ಕಟ್ಟಡದ ಆಳವಾದ ಪರೀಕ್ಷೆಗೆ ದಾರಿಯಾಯಿತು. ಮೊದಲು ಪರೀಕ್ಷೆ, ಆಮೇಲೆ ದುರಸ್ತಿ: ಈ ಕ್ರಮ ಬಹಳ ಮುಖ್ಯ. ಮುಂಭಾಗದ ಮೇಲೆ ಈಗಲೂ ‘ಕೊನ್‌ಸ್ತಾಂತಿನ್ ಮೆಲ್ನಿಕೋವ್, ವಾಸ್ತುಶಿಲ್ಪಿ’ ಎಂದು ಕೆತ್ತಿರುವುದನ್ನು ಓದಬಹುದು.

ಶುಖೋವ್ ಗೋಪುರ ನೇರ ಕಂಬಿಗಳದ್ದಂತೆ. ಹಾಗಾದರೆ ಸೊಂಟ ಬಳುಕಿದಂತೆ ಕಾಣುವುದು ಹೇಗೆ?

ಬೆತ್ತದ ದುಂಡು ಸ್ಟೂಲನ್ನು ನೆನಪಿಸಿಕೊಳ್ಳಿ. ಕಡ್ಡಿಗಳೆಲ್ಲ ನೇರ, ಮೇಲಿನ ಬಳೆಯಿಂದ ಕೆಳಗಿನ ಬಳೆಗೆ ಓರೆಯಾಗಿ ಕಟ್ಟಿರುತ್ತಾರೆ, ನಡು ತಾನಾಗಿ ಸಣ್ಣದಾಗುತ್ತದೆ. ಎಂಜಿನಿಯರ್ ವ್ಲಾದಿಮಿರ್ ಶುಖೋವ್ ಇದನ್ನು ಉಕ್ಕಿನಲ್ಲಿ ಮಾಡಿದರು. ಮೊದಲ ಗೋಪುರವನ್ನು 1896ರಲ್ಲೇ ನಿಜ್ನಿ ನೊವ್‌ಗೊರೊದ್‌ನ ಪ್ರದರ್ಶನಕ್ಕೆ ಕಟ್ಟಿದ್ದರು. ಅದು ಈಗ ಲಿಪೆತ್ಸ್‌ಕ್ ಪ್ರಾಂತ್ಯದ ಪೊಲಿಬಿನೊ ಹಳ್ಳಿಯಲ್ಲಿದೆ.

ಮಾಸ್ಕೋದ ಶಾಬೊಲೊವ್ಕಾ ಬೀದಿಯ ರೇಡಿಯೊ ಗೋಪುರ 1920–22ರದ್ದು. ಮೂಲ ಯೋಜನೆ 350 ಮೀಟರ್, ಐಫೆಲ್‌ಗಿಂತ ಎತ್ತರ. ಉಕ್ಕು ಸಿಗದೆ 150 ಮೀಟರಿಗೆ ಇಳಿಯಿತು. ಆರು ಅಂತಸ್ತು. ಎತ್ತರಕ್ಕೆ ಅಟ್ಟಣೆ ಕಟ್ಟಲಿಲ್ಲ. ಒಂದೊಂದು ಅಂತಸ್ತನ್ನೂ ನೆಲದಲ್ಲಿ, ಗೋಪುರದ ಹೊಟ್ಟೆಯೊಳಗೆ ಜೋಡಿಸಿ ರಾಟೆಗಳಿಂದ ಮೇಲಕ್ಕೆಳೆದರು, ದುರ್ಬೀನಿನ ಕೊಳವೆ ಹೊರಬಂದಂತೆ. 1921ರ ಜೂನ್‌ನಲ್ಲಿ ನಾಲ್ಕನೆಯದನ್ನು ಎಳೆಯುವಾಗ ಅದು ಕಳಚಿ ಬಿತ್ತು. ಶುಖೋವ್‌ಗೆ ಮರಣದಂಡನೆ ವಿಧಿಸಿ, ಕೆಲಸ ಮುಗಿಸುವವರೆಗೆ ಅಮಾನತಿನಲ್ಲಿಟ್ಟರು. ತಲೆಯ ಮೇಲೆ ಕತ್ತಿ ತೂಗುತ್ತಿರುವಾಗಲೇ ಅವರು ಗೋಪುರ ಮುಗಿಸಿದರು.

ಈಗಿನ ತೊಂದರೆ ತುಕ್ಕು. ರಿವೆಟ್ ಹೊಡೆದು ಕೂಡಿಸಿದ ಪಟ್ಟಿಗಳ ನಡುವಿನ ಸಂದಿಗೆ ಬಣ್ಣದ ಬ್ರಷ್ಷು ಹೋಗುವುದಿಲ್ಲ, ನೀರು ಹೋಗುತ್ತದೆ. ಬುಡಕ್ಕೆ ಆಮೇಲೆ ಕಾಂಕ್ರೀಟ್ ಸುರಿದದ್ದೂ ಒಳ್ಳೆಯದಾಗಲಿಲ್ಲ. ಬಿಸಿಲು ಚಳಿಗೆ ಹಿಗ್ಗಿ ಕುಗ್ಗಬೇಕಾದ ಉಕ್ಕಿಗೆ ಅಲುಗಾಟ ತಪ್ಪಿತು. 2014ರಲ್ಲಿ ಅದನ್ನು ಬಿಚ್ಚಿ ಬೇರೆಡೆ ನಿಲ್ಲಿಸುವ ಪ್ರಸ್ತಾಪ ಬಂತು. ಮಾಸ್ಕೋದ ಜನ, ಜಗತ್ತಿನ ಹೆಸರಾಂತ ವಾಸ್ತುಶಿಲ್ಪಿಗಳು ಒಟ್ಟಾಗಿ ವಿರೋಧಿಸಿದರು. ಗೋಪುರ ತನ್ನ ಜಾಗದಲ್ಲೇ ಉಳಿಯಿತು, 2016ರ ಹೊತ್ತಿಗೆ ಒಳಗೆ ತಾತ್ಕಾಲಿಕ ಆಸರೆ ಕೊಟ್ಟರು. ರಿವೆಟ್ ಗೋಪುರವನ್ನು ಒಮ್ಮೆ ಬಿಚ್ಚಿದರೆ ಮರಳಿ ಬರುವುದು ಅದರ ನಕಲು ಮಾತ್ರ. ಓಕಾ ನದಿಯ ದಂಡೆಯಲ್ಲಿ ಜರ್ಜಿನ್‌ಸ್ಕ್ ಬಳಿ ಶುಖೋವ್‌ದೇ 128 ಮೀಟರಿನ ಎರಡು ವಿದ್ಯುತ್ ಗೋಪುರಗಳು ಜೋಡಿಯಾಗಿ ನಿಂತಿದ್ದವು. 2005ರಲ್ಲಿ ಒಂದನ್ನು ಕೆಡವಿದರು. ಒಂಟಿಯಾದ ಇನ್ನೊಂದರ ಚಿತ್ರ ನೋಡುವುದು ಈಗಲೂ ಕಷ್ಟ.

ಇದೆಲ್ಲ ಬರೀ ರಷ್ಯಾದ ಆಸ್ತಿಯೇ?

ಖಂಡಿತ ಅಲ್ಲ, ಈ ತಪ್ಪನ್ನು ದಯವಿಟ್ಟು ಮಾಡಬೇಡಿ. ಮಿನ್‌ಸ್ಕ್, ಬಾಕು, ಯೆರೆವಾನ್, ಅಲ್ಮಾಟಿಗಳಲ್ಲೂ ಇವೆ. ಅಲ್ಮಾಟಿಯ ಸರ್ಕಾರಿ ಭವನವನ್ನು ಕಟ್ಟಿದವರು ಇದೇ ಗಿಂಜ್‌ಬುರ್ಗ್, ಮಿಲಿನಿಸ್.

ಎಲ್ಲಕ್ಕಿಂತ ದೊಡ್ಡದು ಉಕ್ರೇನಿನ ಖಾರ್ಕಿವ್‌ನಲ್ಲಿದೆ. ಆ ನಗರ 1934ರವರೆಗೆ ಸೋವಿಯತ್ ಉಕ್ರೇನಿನ ರಾಜಧಾನಿಯಾಗಿತ್ತು. ಅಲ್ಲಿನ ದೆರ್ಜ್‌ಪ್ರೊಮ್ ಭವನ 1925–28ರದ್ದು. ಸೆರಾಫಿಮೊವ್, ಕ್ರಾವೆತ್ಸ್, ಫೆಲ್ಗೆರ್ ಅದರ ವಾಸ್ತುಶಿಲ್ಪಿಗಳು. ಕಾಂಕ್ರೀಟ್ ಚೌಕಟ್ಟಿನ ಬೃಹತ್ ಬ್ಲಾಕುಗಳನ್ನು ಬೀದಿಗಳ ಮೇಲೆ ಹಾಯುವ ಸೇತುವೆಗಳು ಜೋಡಿಸುತ್ತವೆ. ಸಲಿಕೆ, ಕೈಗಾಡಿ, ಕುದುರೆಗಳನ್ನೇ ನೆಚ್ಚಿ ಕಟ್ಟಿದ್ದು ಎಂದರೆ ನಂಬುವುದು ಕಷ್ಟ. ಎರಡನೇ ಮಹಾಯುದ್ಧದ ಬೆಂಕಿಯನ್ನೂ ಅದು ತಾಳಿಕೊಂಡಿತು. 2017ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು, 2023ರಲ್ಲಿ ಯುದ್ಧಕಾಲದ ವಿಶೇಷ ರಕ್ಷಣೆಯ ಪಟ್ಟಿಗೂ ಬಂತು. 2024ರ ಅಕ್ಟೋಬರ್ 28ರಂದು ರಷ್ಯಾದ ಬಾಂಬು ಅದಕ್ಕೆ ಬಡಿದು ಒಂದು ಭಾಗ ಕುಸಿಯಿತು. ಅವಾಂಟ್‌ಗಾರ್ಡ್ ಸಂರಕ್ಷಣೆಯ ಬಗ್ಗೆ ಮಾಸ್ಕೋದ ಕಥೆಗಳನ್ನಷ್ಟೇ ಹೇಳಿ ಇದನ್ನು ಬಿಟ್ಟರೆ ಅನ್ಯಾಯ.

ಕಾನೂನಿನ ರಕ್ಷಣೆ ಇಲ್ಲವೇ?

ರಷ್ಯಾದಲ್ಲಿ 2002ರ ಪರಂಪರೆ ಕಾನೂನು ಇದೆ. ಸ್ಮಾರಕಗಳಿಗೆ ಒಕ್ಕೂಟ, ಪ್ರಾಂತ್ಯ, ಸ್ಥಳೀಯ ಎಂದು ಮೂರು ಮಟ್ಟ. ಕಟ್ಟಿ 40 ವರ್ಷವಾಗಿರಬೇಕು. ಪಟ್ಟಿಗೆ ಸೇರಿದ ಪ್ರತಿ ಕಟ್ಟಡಕ್ಕೂ ಏನೇನನ್ನು ಮುಟ್ಟಕೂಡದು ಎಂಬ ಪತ್ರ ಇರುತ್ತದೆ. ತೊಡಕು ಶುರುವಾಗುವುದೇ ಅಲ್ಲಿ: ಆ ಪತ್ರದಲ್ಲಿ ಮುಂಭಾಗ ಮಾತ್ರ ಬರೆದಿದ್ದರೆ ಒಳಗಿನ ಮೆಟ್ಟಿಲು, ಕಿಟಕಿ ಚೌಕಟ್ಟು, ನೆಲ ಎಲ್ಲ ಹೋಗುತ್ತವೆ. ಪಟ್ಟಿಗೇ ಸೇರದವುಗಳ ಗತಿ ಇನ್ನೂ ಕಷ್ಟ. ಮಾಸ್ಕೋದ 1929ರ ತಗಾನ್‌ಸ್ಕಾಯಾ ಟೆಲಿಫೋನ್ ವಿನಿಮಯ ಕೇಂದ್ರವನ್ನು ಜನರ ವಿರೋಧದ ನಡುವೆಯೇ 2016ರಲ್ಲಿ ಕೆಡವಿದರು. ಮರುವರ್ಷ ದೆಹಲಿಯ ಪ್ರಗತಿ ಮೈದಾನದಲ್ಲಿ 1972ರ ಹಾಲ್ ಆಫ್ ನೇಶನ್ಸ್ ನೆಲಕ್ಕುರುಳಿತು. ಅದಕ್ಕೆ 60 ವರ್ಷ ತುಂಬಿಲ್ಲ, ಪರಂಪರೆ ಎನಿಸದು ಎಂಬ ವಾದ ನಮ್ಮಲ್ಲಿ ನಡೆಯಿತು.

ಹಳೆಯ ಕಾರ್ಖಾನೆ, ಗ್ಯಾರೇಜುಗಳನ್ನು ಉಳಿಸಿ ಏನು ಮಾಡುವುದು?

ಒಳ್ಳೆಯ ಉದಾಹರಣೆಗಳು ಬೇಕಾದಷ್ಟಿವೆ. ಮೆಲ್ನಿಕೋವ್ 1927ರಲ್ಲಿ ಮಾಡಿದ ಬಖ್‌ಮೆತೆವ್‌ಸ್ಕಿ ಬಸ್ ಗ್ಯಾರೇಜಿನ ನಕ್ಷೆಯೇ ಓರೆ, ಬಸ್ಸುಗಳು ರಿವರ್ಸ್ ತೆಗೆದುಕೊಳ್ಳದೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಡಲಿ ಎಂದು. ಚಾವಣಿಯ ಉಕ್ಕಿನ ಕೆಲಸ ಶುಖೋವ್‌ದು. 2012ರಿಂದ ಅಲ್ಲಿ ಯೆಹೂದಿ ಸಂಗ್ರಹಾಲಯ ಇದೆ. ಎಂಜಿನಿಯರ್ ಗಿಯೊರ್ಗಿ ಮರ್ಸಾಕೊವ್ ಅವರ ದುಂಡನೆಯ ಬ್ರೆಡ್ ಕಾರ್ಖಾನೆಗಳಲ್ಲಿ ಹಿಟ್ಟು ಮೇಲಿನ ಮಹಡಿಯಲ್ಲಿ ಹೊಕ್ಕು, ಉಂಗುರದಂಥ ಸಾಗಣೆ ಪಟ್ಟಿಗಳ ಮೇಲೆ ಸುತ್ತುತ್ತ ಇಳಿದು, ಕೆಳಗೆ ಬ್ರೆಡ್ಡಾಗಿ ಹೊರಬರುತ್ತಿತ್ತು. ಅಂಥ ಒಂದು ಕಾರ್ಖಾನೆ 2022ರಲ್ಲಿ ‘ಜೊತೊವ್’ ಕೇಂದ್ರವಾಗಿ ತೆರೆಯಿತು, ಅವಾಂಟ್‌ಗಾರ್ಡ್ ಕಲೆಗೇ ಮೀಸಲು. ಸಮಾರಾ ನಗರದಲ್ಲಿ ಯೆಕಾತೆರೀನಾ ಮಕ್ಸಿಮೊವಾ ಎಂಬ ಮಹಿಳೆ 1930ರ ದಶಕದ ಆರಂಭದಲ್ಲಿ ಮಾಡಿದ ಅಡುಗೆ ಕಾರ್ಖಾನೆ ಇದೆ. ಅದರ ನಕ್ಷೆಯೇ ಸುತ್ತಿಗೆ ಮತ್ತು ಕುಡುಗೋಲು: ಸುತ್ತಿಗೆಯಲ್ಲಿ ಅಡುಗೆ, ಕುಡುಗೋಲಿನಲ್ಲಿ ಊಟ. ಅದೀಗ ತ್ರೆತ್ಯಾಕೊವ್ ಗ್ಯಾಲರಿಯ ಶಾಖೆ.

ದಮನಕಾರಿ ಆಡಳಿತದ ಗುರುತುಗಳನ್ನು ಉಳಿಸುವುದು ಸರಿಯೇ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಗೌರವವಿದೆ. ನಾರ್ಕೊಮ್‌ಫಿನ್ ನಿವಾಸಿಗಳಲ್ಲೇ ಎಷ್ಟೋ ಮಂದಿಯನ್ನು 1930ರ ದಶಕದಲ್ಲಿ ರಾತ್ರೋರಾತ್ರಿ ಹಿಡಿದೊಯ್ದರು. ಆದರೆ ಈ ಕಟ್ಟಡಗಳನ್ನು ಮೊದಲು ಹಳಿದದ್ದು, ಕಂಬ ಕಮಾನು ಹಚ್ಚಿ ಮರೆಮಾಚಿದ್ದು ಅದೇ ಆಡಳಿತ. ಕಾರ್ಮಿಕರಿಗೆ ಬೆಳಕಿರುವ ಮನೆ, ದುಡಿದು ಬಂದವರಿಗೆ ನಾಟಕಶಾಲೆ, ತಾಯಂದಿರಿಗೆ ಬಿಡುವು ಬೇಕು ಎಂದು ಮನಸಾರೆ ನಂಬಿದವರ ಕೆಲಸ ಇದು. ಆ ನಂಬಿಕೆಯೂ ಅದಕ್ಕಾದ ದ್ರೋಹವೂ ಒಂದೇ ಗೋಡೆಯಲ್ಲಿವೆ. ಗೋಡೆ ಹೋದರೆ ಎರಡರ ಸಾಕ್ಷಿಯೂ ಹೋಗುತ್ತದೆ.

ನೋಡಲು ಹೋಗುವವರು ಏನೇನು ತಿಳಿದಿರಬೇಕು?

ಯುದ್ಧ ಇನ್ನೂ ಜನರ ಬದುಕನ್ನು ತಿನ್ನುತ್ತಿರುವಾಗ ಪ್ರವಾಸ ಮಾಡಬೇಕೇ ಎಂಬುದು ಅವರವರ ಅಂತಃಸಾಕ್ಷಿಗೆ ಬಿಟ್ಟದ್ದು. ಹೊರಡುವುದಾದರೆ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಮೊದಲು ಓದಿ. ಭಾರತೀಯರಿಗೆ 2023ರಿಂದ ಇ-ವೀಸಾ ಇದೆ. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್‌ಗಳು 2022ರಿಂದ ಅಲ್ಲಿ ನಡೆಯುವುದಿಲ್ಲ, ನಗದು ಬೇಕು. ಸಿರಿಲಿಕ್ ಅಕ್ಷರಗಳನ್ನು ಒಂದು ವಾರದಲ್ಲಿ ಕಲಿಯಬಹುದು. ಕಲಿತರೆ ಬೀದಿ ಫಲಕ, ಕಟ್ಟಡದ ಹೆಸರು ಎರಡೂ ನಿಮ್ಮವಾಗುತ್ತವೆ.

ಮರಗಳಿಗೆ ಎಲೆ ಬರುವ ಮುನ್ನ, ಏಪ್ರಿಲ್ ಸುಮಾರಿಗೆ ಹೋದರೆ ಕಟ್ಟಡಗಳು ಚೆನ್ನಾಗಿ ಕಾಣುತ್ತವೆ. ಬೇಸಿಗೆಯಲ್ಲಿ ಅರ್ಧ ಮರೆಯಾಗಿರುತ್ತವೆ. ಮಾಸ್ಕೋದಲ್ಲಿ ಡ್ರೋನ್ ಬೇಡವೇ ಬೇಡ. ನಾರ್ಕೊಮ್‌ಫಿನ್‌ನಂಥ ಕಡೆ ಜನ ವಾಸವಿದ್ದಾರೆ. ಕಿಟಕಿಯೊಳಗೆ ಲೆನ್ಸ್ ತಿರುಗಿಸಬೇಡಿ. ಮುಚ್ಚಿದ ಪಾಳು ಕಟ್ಟಡಗಳಿಗೆ ಬೇಲಿ ಹಾರಿ ನುಗ್ಗುವವರ ವಿಡಿಯೊ ನೋಡಿ ಹುರುಪುಗೊಳ್ಳಬೇಡಿ, ಜೊಂಡು ಹಲಗೆ ಕೊಳೆತ ನೆಲ ಕಾಲಿಟ್ಟರೆ ಕುಸಿದೀತು.

ಇಲ್ಲಿದ್ದುಕೊಂಡೇ ಏನಾದರೂ ಮಾಡಬಹುದೇ?

ಮಾಡಬಹುದು. ನನ್ನ ತಲೆಮಾರಿನವರಿಗೆ ಸೋವಿಯತ್ ಪತ್ರಿಕೆಗಳ ನುಣುಪು ಹಾಳೆ ನೆನಪಿರುತ್ತದೆ. ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಲು ಅದಕ್ಕಿಂತ ಗಟ್ಟಿ ಕಾಗದ ಸಿಗುತ್ತಿರಲಿಲ್ಲ. ಅಂಥ ಹಳೆಯ ಪತ್ರಿಕೆಗಳು, ಆಗ ಅಲ್ಲಿ ಓದಲು ಹೋದವರು ತೆಗೆದ ಫೋಟೊಗಳು ಎಷ್ಟೋ ಮನೆಗಳ ಅಟ್ಟದಲ್ಲಿವೆ. ಹಿನ್ನೆಲೆಯಲ್ಲಿ ಅಚಾನಕ್ಕಾಗಿ ಬಿದ್ದ ಒಂದು ಕಿಟಕಿ, ಒಂದು ಫಲಕ, ಒಂದು ಗೋಡೆಯ ಬಣ್ಣ ಸಂರಕ್ಷಕರಿಗೆ ಪುರಾವೆಯಾಗಬಲ್ಲದು. ರದ್ದಿಗೆ ಹಾಕುವ ಮೊದಲು ಹಿಂದೆ ಊರು, ವರ್ಷ ಬರೆದಿಡಿ, ಸ್ಕ್ಯಾನ್ ಮಾಡಿ. ಕನ್ನಡ ವಿಕಿಪೀಡಿಯದಲ್ಲಿ ಈ ಕಟ್ಟಡಗಳ ಬಗ್ಗೆ ಬರೆಯಿರಿ, ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಿಂದಲ್ಲದೆ ಮೂಲ ಉಚ್ಚಾರಣೆ ಕೇಳಿ ಬರೆಯಿರಿ.

ಮಾಸ್ಕೋದಲ್ಲಿ ನನಗಿರುವುದು ಅರ್ಧ ದಿನ. ಒಂದೇ ಒಂದು ಕಡೆ ಹೇಳಿ.

ಶಾಬೊಲೊವ್‌ಸ್ಕಾಯಾ ಮೆಟ್ರೊದಲ್ಲಿ ಇಳಿಯಿರಿ. ಗೋಪುರದ ಬುಡಕ್ಕೆ ಬಿಡುವುದಿಲ್ಲ, ಪರವಾಗಿಲ್ಲ. ಹತ್ತಿರದಲ್ಲೇ ಖಾವ್‌ಸ್ಕೊ-ಶಾಬೊಲೊವ್‌ಸ್ಕಿ ಎಂಬ 1920ರ ದಶಕದ ಕೊನೆಯ ವಸತಿ ಬಡಾವಣೆ ಇದೆ, ಲಾದೊವ್‌ಸ್ಕಿ ಗುಂಪಿನವರು ಮಾಡಿದ್ದು. ಎಲ್ಲ ಮನೆಗೂ ಬಿಸಿಲು ಸಿಗಲೆಂದು ಬ್ಲಾಕುಗಳನ್ನು ಬೀದಿಗೆ ಓರೆಯಾಗಿ ತಿರುಗಿಸಿದ್ದಾರೆ, ಹಾಗಾಗಿ ಅಂಗಳಗಳೆಲ್ಲ ಒಂದರೊಳಗೊಂದು ತೆರೆದುಕೊಳ್ಳುತ್ತವೆ. ಅಲ್ಲಿಂದ ನಡೆದೇ ಒರ್ಜೊನಿಕಿದ್ಜೆ ಬೀದಿಗೆ ಹೋದರೆ ಇವಾನ್ ನಿಕೊಲಾಯೆವ್ 1929–30ರಲ್ಲಿ 2000 ವಿದ್ಯಾರ್ಥಿಗಳಿಗಾಗಿ ಕಟ್ಟಿದ ಹಾಸ್ಟೆಲು ಸಿಗುತ್ತದೆ. ಇಬ್ಬರಿಗೆ ಆರು ಚದರ ಮೀಟರಿನ ಮಲಗುವ ಗೂಡು. ಪುಸ್ತಕ, ಓದು ಎಲ್ಲ ಬೇರೆ ಬ್ಲಾಕಿನಲ್ಲಿ. ಒಳಗೆ ಬಹಳ ಬದಲಾಗಿದೆ, ಆದರೂ ಈಗಲೂ ಅದು ಹಾಸ್ಟೆಲೇ. ಮರಳಿ ಬರುವಾಗ ಸಂಜೆಯಾಗಿರುತ್ತದೆ. ಬಡಾವಣೆಯ ಅಂಗಳದಲ್ಲಿ ಒಂದು ಬೆಂಚು ಹಿಡಿದು ಕೂತರೆ ಎರಡು ಮನೆಗಳ ಸಂದಿಯಲ್ಲಿ ಗೋಪುರದ ತುದಿ ಕಾಣುತ್ತದೆ. ಆಟವಾಡುವ ಮಕ್ಕಳಿಗೆ ಅದರ ಪರಿವೆಯೇ ಇರುವುದಿಲ್ಲ.